ಗೆದ್ದ ಮಕ್ಕಳ ಮುಖಕ್ಕೂ ಬೆಳಕು ಬೀಳಲಿ

ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ಕ್ರೀಡಾಕೂಟದ ಛಾಯಾಚಿತ್ರ ಹೇಗಿರುತ್ತದೆಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಶಾಮಿಯಾನದ ಕೆಳಗೆ, ಮುಂದಿನ ಸಾಲಿನಲ್ಲಿ ಗಣ್ಯರು ನಿಂತಿರುತ್ತಾರೆ. ಪಾರಿತೋಷಕದ ಒಂದು ಹಿಡಿ ಶಾಸಕರ ಕೈಯಲ್ಲಿ, ಇನ್ನೊಂದು ಅಧಿಕಾರಿಯ ಕೈಯಲ್ಲಿ. ಓಡಿ ಗೆದ್ದ ಮಕ್ಕಳು ಹಿಂದಿನ ಸಾಲಿನಲ್ಲಿ, ಮೈದಾನದ ಉರಿಬಿಸಿಲಿಗೆ ಬೆನ್ನು ಮಾಡಿ, ಬರೀ ನೆರಳಿನಂತೆ ಕಾಣುತ್ತಾರೆ.

ಅಂಥ ಚಿತ್ರಗಳಲ್ಲಿ ನಾನೂ ನಿಂತಿದ್ದೇನೆ. ಜಿಲ್ಲೆಯೊಂದರಲ್ಲಿ ಸೇವೆಯಲ್ಲಿದ್ದಾಗ, 800 ಮೀಟರ್ ಓಟದಲ್ಲಿ ಮೊದಲಿಗಳಾಗಿದ್ದ ಹಾಸ್ಟೆಲ್ ಹುಡುಗಿಯ ತಾಯಿ ಯಾವುದೋ ಅರ್ಜಿ ಹಿಡಿದು ಕಚೇರಿಗೆ ಬಂದಿದ್ದರು. ಸಂತೋಷಪಡಲಿ ಎಂದು ಬಹುಮಾನ ವಿತರಣೆಯ ಚಿತ್ರವನ್ನು ಅವರ ಕೈಗಿತ್ತೆ. ಬಹಳ ಹೊತ್ತು ನೋಡಿ, 'ಇದರಾಗ ನಮ್ಮ ಹುಡುಗಿ ಎಲ್ಲಿ ಅದಾಳ್ರಿ ಸಾಹೇಬ್ರ?' ಎಂದು ಕೇಳಿದರು. ನನ್ನ ಮುಖ ಅದರಲ್ಲಿ ಸ್ಪಷ್ಟವಾಗಿತ್ತು.

ಇದಕ್ಕೆ ಛಾಯಾಗ್ರಾಹಕನನ್ನು ದೂರುವುದು ಸುಲಭ. ಮಕ್ಕಳ ಮೈಬಣ್ಣವನ್ನು ದೂರುವುದು ಇನ್ನೂ ಸುಲಭ. ನಿಜವಾದ ಕಾರಣ ಭೌತಶಾಸ್ತ್ರದ್ದು. ದೂರ ಇಮ್ಮಡಿಯಾದರೆ ಸಣ್ಣ ದೀಪದ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಷ್ ಮುಂದಿನ ಸಾಲನ್ನು ಬೆಳಗಿ, ಹಿಂದಿನ ಸಾಲನ್ನು ತಲುಪುವಷ್ಟರಲ್ಲಿ ಸೋತಿರುತ್ತದೆ. ಬಯಲಿಗೆ ಬಂದರೂ ತೊಂದರೆ ತಪ್ಪದು. ನಡುಹಗಲಿನ ಸೂರ್ಯ ನೆತ್ತಿಯ ಮೇಲಿದ್ದು ಕಣ್ಣುಗಳನ್ನು ಗುಳಿಯ ಕತ್ತಲಿಗೆ ತಳ್ಳುತ್ತಾನೆ. ಕ್ಯಾಮೆರಾವನ್ನು ಆಕಾಶಕ್ಕೆ ಹೊಂದಿಸಿದರೆ ಮುಖ ಕಪ್ಪಾಗುತ್ತದೆ, ಮುಖಕ್ಕೆ ಹೊಂದಿಸಿದರೆ ಆಕಾಶ ಬಿಳಿಚಿಕೊಳ್ಳುತ್ತದೆ.

ಪರಿಹಾರ ಬಲು ಸರಳ. ಫ್ಲ್ಯಾಷನ್ನು ಕ್ಯಾಮೆರಾದಿಂದ ಬಿಡಿಸಿ ಪಕ್ಕದ ಸ್ಟ್ಯಾಂಡಿಗೇರಿಸಬೇಕು. ಸೂರ್ಯ ಬೆನ್ನ ಹಿಂದಿರುವಂತೆ ಮಗುವನ್ನು ನಿಲ್ಲಿಸಿ, ಓರೆಯಿಂದ, ಕಣ್ಣಿಗಿಂತ ತುಸು ಎತ್ತರದಿಂದ, ಬಿಳಿಕೊಡೆಯ ಮೂಲಕ ಬೆಳಕನ್ನು ಹಾಯಿಸಬೇಕು. ಆಗ ಆಕಾಶವೂ ಮುಖವೂ ಬೇರೆ ಬೇರೆಯಾಗಿ ಹತೋಟಿಗೆ ಬರುತ್ತವೆ: ಶಟರ್ ವೇಗ ಆಕಾಶವನ್ನು ನಿಯಂತ್ರಿಸಿದರೆ, ಫ್ಲ್ಯಾಷಿನ ಶಕ್ತಿ ಮುಖವನ್ನು ನಿಯಂತ್ರಿಸುತ್ತದೆ. ಬಹುತೇಕ ಕ್ಯಾಮೆರಾಗಳಲ್ಲಿ ಸಾಧಾರಣ ಫ್ಲ್ಯಾಷ್ ಸೆಕೆಂಡಿನ 1/200 ಅಥವಾ 1/250ರ ಆಸುಪಾಸಿನ ವೇಗದವರೆಗಷ್ಟೇ ಹೊಂದಿಕೊಳ್ಳುವುದರಿಂದ, ಸುಡುಬಿಸಿಲಿನಲ್ಲಿ ಸಣ್ಣ ದೀಪ ಸೂರ್ಯನೊಡನೆ ಸೆಣಸುವುದು ಕಷ್ಟ. ಅದನ್ನು ಮಗುವಿನ ಬಳಿಗೇ ಒಯ್ಯಬೇಕು, ಇಲ್ಲವೇ ಬೆಳಿಗ್ಗೆ, ಸಂಜೆಯ ಹೊತ್ತನ್ನು ಆಯ್ದುಕೊಳ್ಳಬೇಕು. ನಮ್ಮ ಮಕ್ಕಳು ಅಭ್ಯಾಸಕ್ಕಿಳಿಯುವುದೂ ಆ ಹೊತ್ತಿನಲ್ಲೇ. ಓರೆ ಬೆಳಕಿನಲ್ಲಿ ಕಪ್ಪು ಮೈಬಣ್ಣಕ್ಕೆ ಸಹಜವಾದ ಹೊಳಪು ಬರುತ್ತದೆ; ಬೆವರು, ಕೆನ್ನೆಯ ಮೂಳೆ, ಕಣ್ಣಿನ ಛಲ ಎಲ್ಲವೂ ಕಾಣುತ್ತವೆ.

ಛಾಯಾಗ್ರಹಣ ಕಪ್ಪು ಮುಖಗಳನ್ನು ಕಡೆಗಣಿಸಿದ್ದು ಇಂದು ನಿನ್ನೆಯದಲ್ಲ. ಕೊಡಾಕ್ ಸಂಸ್ಥೆಯು ಪ್ರಯೋಗಾಲಯಗಳಿಗೆ ಬಣ್ಣ ಹೊಂದಿಸಲು ಕಳುಹಿಸುತ್ತಿದ್ದ ಮಾದರಿ ಚಿತ್ರಗಳಲ್ಲಿ ದಶಕಗಳ ಕಾಲ ಬಿಳಿ ಮಹಿಳೆಯರೇ ಇರುತ್ತಿದ್ದರು. ಕಂದು ಬಣ್ಣದ ಛಾಯೆಗಳನ್ನು ಫಿಲ್ಮಿನಲ್ಲಿ ಸುಧಾರಿಸಲು ಒತ್ತಡ ಬಂದದ್ದು ಮರದ ಪೀಠೋಪಕರಣ ಮತ್ತು ಚಾಕೊಲೇಟ್ ತಯಾರಕರ ದೂರುಗಳಿಂದ ಎಂದು ಆ ಸಂಸ್ಥೆಯಲ್ಲಿ ದುಡಿದವರೇ ಹೇಳಿದ್ದಾರೆ. ಕೊಳ್ಳುವ ಶಕ್ತಿಯಿದ್ದವರ ಮಾತಿಗೆ ಮಾರುಕಟ್ಟೆ ಕಿವಿಗೊಟ್ಟಿತು. ಆ ಶಕ್ತಿಯಿಲ್ಲದವರ ಪರವಾಗಿ ಮಾತನಾಡಬೇಕಾದದ್ದು ಸಾರ್ವಜನಿಕ ವ್ಯವಸ್ಥೆ.

ವೆಚ್ಚದ ಮಾತಿಗೆ ಬರೋಣ. ಕೈಯಿಂದ ಹೊಂದಿಸುವ ಫ್ಲ್ಯಾಷ್, ಅದನ್ನು ದೂರದಿಂದ ಚಾಲಿಸುವ ಟ್ರಿಗರ್, ಸ್ಟ್ಯಾಂಡ್, ಕೊಡೆ ಎಲ್ಲ ಸೇರಿ ಸುಮಾರು 15,000 ರೂಪಾಯಿಗೆ ದೊರೆಯುತ್ತವೆ. ಅದನ್ನೂ ಕೊಳ್ಳಬೇಕಾಗಿಲ್ಲ. ಮದುವೆಯ ಚಿತ್ರ ತೆಗೆಯುವ ಸ್ಟುಡಿಯೋಗಳು ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇವೆ. ಈ ಸಲಕರಣೆಯೂ ಕೈಚಳಕವೂ ಅವರಲ್ಲಿವೆ. ಧನುರ್ಮಾಸದಲ್ಲಿ ಮದುವೆಗಳಿಲ್ಲದೆ ಅವರ ದೀಪಗಳು ಪೆಟ್ಟಿಗೆ ಸೇರಿರುತ್ತವೆ. ಮೈದಾನದ ಬಿಸಿಲು ಹಿತವಾಗಿರುವುದೂ ಆಗಲೇ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ನಿರುಪಯುಕ್ತವಾಗಿ ಬಿದ್ದಿರುವ ಸಾಮರ್ಥ್ಯ. ಎರಡು ದಿನ ಗೌರವಧನ ಕೊಟ್ಟು ಅವರನ್ನು ಕರೆದರೆ, ವರ್ಷದ ಕೂಟಗಳಲ್ಲಿ ಗೆದ್ದ ಪ್ರತಿ ಮಗುವಿಗೂ ಒಂದು ಭಾವಚಿತ್ರ ಸಿಗುತ್ತದೆ. ಶಾಲು, ಹಾರ, ಪೇಟಗಳ ಬಾಬ್ತಿನಲ್ಲಿ ತುಸು ಉಳಿಸಿದರೆ ಸಾಕು.

ಶೂ ಇಲ್ಲದ, ಮೊಟ್ಟೆ ಹಾಲಿಗೂ ತತ್ವಾರವಿರುವ ಮಕ್ಕಳಿಗೆ ಭಾವಚಿತ್ರವೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶೂ ಮೊದಲು ಬರಲಿ, ತರಬೇತುದಾರರ ಖಾಲಿ ಹುದ್ದೆಗಳು ಭರ್ತಿಯಾಗಲಿ. ಆದರೆ ಶೂ ಕೊಟ್ಟ ದಿನದ ಚಿತ್ರದಲ್ಲೂ ಕಾಣುವುದು ಕೊಟ್ಟವರ ಮುಖವೇ ತಾನೆ? ಹತ್ತನೆಯ ತರಗತಿಯ ನಂತರ ಆಟ ಬಿಡಿಸಿ ಮದುವೆಯ ಮಾತು ತೆಗೆಯುವ ಮನೆಗಳಲ್ಲಿ, ಗೋಡೆಯ ಮೇಲೆ ಮಗಳು ಓಟಗಾರ್ತಿಯಾಗಿ ನಿಂತ ಚಿತ್ರವಿದ್ದರೆ ಆ ಮಾತು ಒಂದು ವರ್ಷವಾದರೂ ಮುಂದೆ ಹೋದೀತು. ನೆರವು ಕೋರುವ ಅರ್ಜಿಗೂ ಅದು ಒದಗೀತು.

ಎಚ್ಚರವೂ ಅಗತ್ಯ. 18 ವರ್ಷದೊಳಗಿನವರ ಮಾಹಿತಿಯ ಡಿಜಿಟಲ್ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆಯ ಮಾತು ಅತ್ತ ಇರಲಿ, ಮಗುವನ್ನೂ ಕೇಳುವುದು ಮರ್ಯಾದೆ. ಚಿತ್ರ ತೆಗೆಯುವಾಗ ಶಿಕ್ಷಕಿಯೋ ಮನೆಯವರೋ ಜೊತೆಗಿರಬೇಕು. ಆ ಚಿತ್ರ ಯಾವ ಯೋಜನೆಯ ಜಾಹೀರಾತಿಗೂ ಬಳಕೆಯಾಗಬಾರದು. ಮಗುವನ್ನು ಸಿನಿಮಾ ನಾಯಕನಂತೆ ತೋರಿಸುವ ಹುಮ್ಮಸ್ಸೂ ಬೇಡ. ಅದು ಇದ್ದಂತೆ ಕಂಡರೆ ಸಾಕು.

ಮುಂದಿನ ಕ್ರೀಡಾಕೂಟದ ಅಂದಾಜುಪಟ್ಟಿ ಸಿದ್ಧಪಡಿಸುವ ಅಧಿಕಾರಿಗಳು ಅದರಲ್ಲಿ ಒಂದು ಸಾಲು ಸೇರಿಸಲಿ: ವಿಜೇತರ ಭಾವಚಿತ್ರ, ತಲಾ ಎರಡು ಪ್ರತಿ. ಒಂದು ಶಾಲೆಯ ಗೋಡೆಗೆ, ಇನ್ನೊಂದು ಮನೆಗೆ. ತನ್ನ ಮಗಳು ಎಲ್ಲಿದ್ದಾಳೆಂದು ಯಾವ ತಾಯಿಯೂ ಸಾಹೇಬರನ್ನು ಕೇಳುವಂತಾಗಬಾರದು.