ದುಬೈಗೆ ಹೋದರೆ ಮಕ್ಕಳು ದಿನಾ ಉಣ್ಣುವ ಹೊಟೇಲಿಗೇ ಹೋಗಿ

ಗಲ್ಫಿಗೆ ವಿಸಿಟ್ ವೀಸಾದಲ್ಲಿ ಹೋಗಿ ಬಂದವರನ್ನು ಮಾತಾಡಿಸಲು ಹೋದರೆ ಮೊದಲು ಫೋನ್ ಹೊರಗೆ ಬರುತ್ತದೆ. ಬುರ್ಜ್ ಖಲೀಫಾದ ಎದುರು ನಿಂತ ಫೋಟೋ, ಮರಳಿನಲ್ಲಿ ಒಂಟೆಯ ಜೊತೆಗಿನ ಫೋಟೋ, ಅದಾದ ಮೇಲೆ ಊಟದ ಫೋಟೋ. ಬಿಳಿ ಬಟ್ಟೆ ಹಾಸಿದ ಮೇಜು, ತಾಮ್ರದ ಪುಟ್ಟ ಬಕೆಟಿನಲ್ಲಿ ಬಟರ್ ಚಿಕನ್, ಅದರ ಮೇಲೆ ಕೆನೆಯ ಗೆರೆ. "ಊಟ ಹೇಗಿತ್ತು ಮಾರಾಯ್ರೆ?" ಎಂದು ಕೇಳಿದರೆ ಮಾತ್ರ ಮುಖ ಸಣ್ಣದಾಗುತ್ತದೆ. "ಊಟ ಎಂಥದು, ನಮ್ಮ ಬಾಯಿಗೆ ಹಿಡಿಸ್ಲಿಲ್ಲ. ಮನೆಗೆ ಬಂದು ಗಂಜಿ ಕುಡಿದ ಮೇಲೆ ಜೀವ ಬಂತು."

ಯುಎಇಯಲ್ಲಿ ಬದುಕುವವರ ಪೈಕಿ ಬೇರೆಲ್ಲ ದೇಶದವರಿಗಿಂತ ಭಾರತೀಯರೇ ಹೆಚ್ಚು. ದೇರಾ, ಕರಾಮ, ಬರ್ ದುಬೈ, ಖುಸೈಸ್ ಎಲ್ಲಿ ಕಾಲಿಟ್ಟರೂ ಮಲಬಾರಿನವರ, ಹೈದರಾಬಾದಿನವರ, ಭಟ್ಕಳದವರ, ನಮ್ಮ ಕರಾವಳಿಯವರ ಹೊಟೇಲುಗಳು. ಅಂಥ ಊರಿಗೆ ಹೋಗಿ ಹದಿನೈದು ದಿನ ನಿಂತು ಬಾಯಿಗೆ ಹಿಡಿಸುವ ಒಂದು ಊಟ ಸಿಗಲಿಲ್ಲ ಎಂದರೆ ಆ ಊರಿನ ತಪ್ಪಲ್ಲ. ನಾವು ಹುಡುಕಿದ ಜಾಗದ್ದೇ ತಪ್ಪು. ಅಥವಾ ನಮ್ಮನ್ನು ಕರೆದುಕೊಂಡು ಹೋದ ಜಾಗದ್ದು.

ನಮಗೂ ಹಾಗೆಯೇ ಆಯಿತು. ಉಮ್ಮನನ್ನು ಕರೆದುಕೊಂಡು ನಾವು ಮನೆಯವರು ತಮ್ಮನಿದ್ದಲ್ಲಿಗೆ ಹೋಗಿದ್ದೆವು. ಅವನು ದೇರಾದ ಅಂಗಡಿಯೊಂದರಲ್ಲಿ ಸೇಲ್ಸ್‌ಮ್ಯಾನ್. ಇರುವುದು ಬೆಡ್ ಸ್ಪೇಸಿನಲ್ಲಿ, ಹಾಗಾಗಿ ನಮಗೆ ಪರಿಚಯದವರ ಫ್ಲಾಟಿನಲ್ಲಿ ಒಂದು ಕೋಣೆ ಮಾಡಿಕೊಟ್ಟಿದ್ದ. ಮೊದಲ ರಾತ್ರಿಯೇ ಒಂದು ದೊಡ್ಡ ಮಾಲ್‌ನ ಇಂಡಿಯನ್ ರೆಸ್ಟೋರೆಂಟಿಗೆ ಕರೆದೊಯ್ದ. ಫೋನಿನಲ್ಲಿ ನಾಲ್ಕೂವರೆ ಸ್ಟಾರ್ ನೋಡಿಯೇ ಟೇಬಲ್ ಬುಕ್ ಮಾಡಿದ್ದಂತೆ. ಮೆನು ಪುಸ್ತಕ ಮದ್ರಸದ ಕಿತಾಬಿನಷ್ಟು ದಪ್ಪ. ಅದರಲ್ಲಿ ಮುಘಲಾಯಿ ಉಂಟು, ಚೈನೀಸ್ ಉಂಟು, ಅರಬಿ ಗ್ರಿಲ್ ಉಂಟು, ಕೊನೆಯ ಹಾಳೆಯಲ್ಲಿ ಇಡ್ಲಿಯೂ ಉಂಟು. ಉಮ್ಮ ಅರ್ಧ ರೊಟ್ಟಿ ಮುರಿದು, ಸಾರಿನ ಸಿಹಿಗೆ ಮುಖ ಕಿವುಚಿ, ನೀರು ಕುಡಿದು ಎದ್ದರು. ಬಿಲ್ಲು ಮುನ್ನೂರು ದಿರ್ಹಮ್ ದಾಟಿತ್ತು. ತಮ್ಮ ಅದನ್ನು ನಮಗೆ ಕಾಣದ ಹಾಗೆ ಮಡಚಿ ಕಿಸೆಗೆ ಹಾಕಿಕೊಂಡ, ಆದರೆ ನಾವು ಕಂಡೆವು.

ಇಲ್ಲಿ ಆ ರೆಸ್ಟೋರೆಂಟನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಅವರ ಅಡುಗೆ ಅವರಿಗೆ ಚಂದ. ಬಟರ್ ಚಿಕನ್ ಎಂಬುದು ದೇಶ ವಿಭಜನೆಯ ನಂತರ ಪೇಶಾವರದಿಂದ ದಿಲ್ಲಿಗೆ ಬಂದವರು ದರಿಯಾಗಂಜ್‌ನಲ್ಲಿ ಬೆಳೆಸಿದ ಊಟ, ಅದಕ್ಕೂ ಒಂದು ಕಣ್ಣೀರಿನ ಚರಿತ್ರೆ ಉಂಟು. ಆದರೆ ಪರದೇಶದಲ್ಲಿ 'ಇಂಡಿಯನ್' ಎಂದು ಬೋರ್ಡು ಹಾಕಿದ ಕೂಡಲೇ ಅದೊಂದೇ ಇಡೀ ಭಾರತದ ಊಟ ಆಗಿಬಿಡುತ್ತದೆ, ಅಲ್ಲಿ ಕಷ್ಟ. ಪರದೇಶದ 'ಇಂಡಿಯನ್' ಹೊಟೇಲಿನ ಕಥೆ ಮೊದಲಿನಿಂದಲೂ ಹೀಗೆಯೇ. ಲಂಡನ್‌ನಲ್ಲಿ ಭಾರತೀಯನೊಬ್ಬ ತೆರೆದ ಮೊದಲ ಭಾರತೀಯ ಊಟದ ಮನೆ ಮುಸ್ಲಿಂ ಮನೆತನದಲ್ಲಿ ಹುಟ್ಟಿದವರೊಬ್ಬರದ್ದು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಪಟ್ನಾ ಮೂಲದ ಶೇಖ್ ದೀನ್ ಮುಹಮ್ಮದ್ 1810ರಲ್ಲಿ ಪೋರ್ಟ್‌ಮನ್ ಸ್ಕ್ವೇರ್ ಬಳಿ ಹಿಂದೂಸ್ತಾನಿ ಕಾಫಿ ಹೌಸ್ ಶುರು ಮಾಡಿದರು. ಗಿರಾಕಿಗಳು ಭಾರತದಲ್ಲಿ ಕಂಪೆನಿ ನೌಕರಿ ಮಾಡಿ ಹಿಂದಿರುಗಿದ್ದ ಬಿಳಿ ಸಾಹೇಬರು. ಹುಕ್ಕಾ, ಬೆತ್ತದ ಕುರ್ಚಿ, ಅವರ ನಾಲಗೆಗೆ ಒಗ್ಗುವ ಸಾರು. 1812ರಲ್ಲಿ ಅದು ದಿವಾಳಿಯಾಯಿತು. ಮುಂದೆ ಬ್ರಿಟನ್ನಿನ ಊರೂರಿನಲ್ಲಿ ಎದ್ದ 'ಇಂಡಿಯನ್' ಹೊಟೇಲುಗಳಲ್ಲಿ ಹೆಚ್ಚಿನವು ಸಿಲ್ಹೆಟ್ ಕಡೆಯವರದ್ದು, ಅಂದರೆ ಇಂದಿನ ಬಾಂಗ್ಲಾದೇಶದವರದ್ದು. ಅವರೂ ಬೋರ್ಡಿನ ಹೆಸರಿಗೆ ಒಂದು ಅಡುಗೆ ಮಾಡಿದರು, ತಮ್ಮ ಮನೆಯಲ್ಲಿ ಬೇರೆಯೇ ಉಂಡರು. ಹೊಟೇಲಿನವ ತಾನು ಉಣ್ಣದ್ದನ್ನು ನಮಗೆ ಬಡಿಸುತ್ತಾನೆ ಎಂದಾದರೆ, ಅವನು ಉಣ್ಣುವುದೆಲ್ಲಿ ಎಂದು ಕೇಳಬೇಡವೇ?

ನಾಲ್ಕನೇ ದಿನ ಉಮ್ಮ ಕೇಳಿಯೇ ಬಿಟ್ಟರು. "ಮೋನೇ, ಇಲ್ಲಿ ಎಲ್ಲಾದರೂ ಕುಚ್ಚಲಕ್ಕಿ ಅನ್ನ, ಒಂದು ತುಂಡು ಮೀನು ಸಿಗ್ತದಾ? ನೀನು ದಿನಾ ಎಲ್ಲಿ ಉಣ್ಣುದು?"

ತಮ್ಮ ಒದ್ದಾಡಿದ. "ಅಲ್ಲಿಗೆ ಫ್ಯಾಮಿಲಿ ಬರುದಿಲ್ಲ ಉಮ್ಮಾ, ಬರೀ ಬ್ಯಾಚುಲರ್ಸ್. ಕೂರ್ಲಿಕ್ಕೂ ಸರಿ ಇಲ್ಲ."

ಉಮ್ಮ ಬಿಡಲಿಲ್ಲ. ಬರ್ ದುಬೈಯಿಂದ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿ ಹತ್ತಿ ಹೊಳೆ ದಾಟಿದೆವು. ಆ ದೋಣಿಯಲ್ಲಿ ಕೂತಾಗ ಉಮ್ಮನಿಗೆ ಸೇತುವೆ ಆಗುವ ಮೊದಲಿನ ಊರಿನ ಕಡವು ನೆನಪಾಯಿತಂತೆ, ಬುರ್ಜ್ ಖಲೀಫಾಕ್ಕಿಂತ ಅದೇ ಇಷ್ಟವಾಯಿತು. ಸಬ್ಖಾದಲ್ಲಿ ಇಳಿದು ನೈಫ್ ಕಡೆಯ ಓಣಿಗಳಲ್ಲಿ ನಡೆದರೆ ಒಂದು ಹಳೆಯ ಕಟ್ಟಡ, ಕೆಳಗೆ ಲಗೇಜಿನ ಅಂಗಡಿ, ಪಕ್ಕದಲ್ಲಿ ಹೊಟೇಲ್. ಬೋರ್ಡು ಮಲಯಾಳದಲ್ಲೂ ಉಂಟು. ಗಾಜಿನ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಅಂದಿನ ಮೀನಿನ ಹೆಸರು ಕೈಬರಹದಲ್ಲಿ: ಮತ್ತಿ, ಅಯಲ. ಅಂದರೆ ನಮ್ಮ ಬೂತಾಯಿ, ಬಂಗುಡೆ. ಮಧ್ಯಾಹ್ನ ಒಂದೂವರೆ ಗಂಟೆ. ಒಂದು ಕುರ್ಚಿ ಖಾಲಿ ಇಲ್ಲ. ಆದರೆ ಉಮ್ಮನನ್ನು ಕಂಡದ್ದೇ ತಡ, ಮೂಲೆಯ ಮೇಜಿನ ನಾಲ್ವರು ಹುಡುಗರು ತಟ್ಟೆ ಎತ್ತಿಕೊಂಡು ಎದ್ದು ಜಾಗ ಬಿಟ್ಟರು. ಆ ಮಾಲ್‌ನಲ್ಲಿ ಬುಕ್ ಮಾಡಿದ್ದ ಟೇಬಲಿಗೂ ನಾವು ಇಪ್ಪತ್ತು ನಿಮಿಷ ಕಾದಿದ್ದೆವು.

ಬಡಿಸಲು ಬಂದ ಹುಡುಗ ನಮ್ಮ ಮಾತು ಕೇಳಿ, ಬ್ಯಾರಿ ಬಾಸೆಯಲ್ಲೇ ಊರು ಯಾವುದೆಂದು ಕೇಳಿದ. ಅವನದ್ದು ಉಪ್ಪಿನಂಗಡಿ ಕಡೆ. ದಪ್ಪ ಮಟ್ಟ ಅಕ್ಕಿಯ ಅನ್ನ, ನಮ್ಮ ಕುಚ್ಚಲಕ್ಕಿಯ ಹತ್ತಿರದ ಸಂಬಂಧ. ಮೀನಿನ ಸಾರು, ಮೋರು ಕರಿ, ಎಲೆಕೋಸಿನ ಪಲ್ಯ, ಹಪ್ಪಳ, ಉಪ್ಪಿನಕಾಯಿ. ಅನ್ನಕ್ಕೆ ಲೆಕ್ಕವಿಲ್ಲ, ಮೀನಿನ ಸಾರೂ ಕೇಳಿದಷ್ಟು. ಹುರಿದ ಮೀನು ಬೇಕಾದರೆ ಮಾತ್ರ ಬೇರೆ ದುಡ್ಡು. ಹುಡುಗ ಎಲ್ಲರಿಗೂ ಹುರಿದ ಬಂಗುಡೆ ಇಡುತ್ತಾ ಬಂದು ತಮ್ಮನ ತಟ್ಟೆಯ ಹತ್ತಿರ ನಿಂತು, "ನಿಮಗೆ ಇವತ್ತು ಮೀನು ಇಡ್ಲಾ?" ಎಂದು ಕೇಳಿದ. ಕೇಳಿ, ತಪ್ಪು ಮಾತಾಡಿದೆನೋ ಎಂಬಂತೆ ನಾಲಗೆ ಕಚ್ಚಿಕೊಂಡ.

'ಇವತ್ತು' ಎಂಬ ಒಂದು ಶಬ್ದ ಸಾಕಾಯಿತು. ಉಮ್ಮ ಏನೂ ಮಾತಾಡಲಿಲ್ಲ. ತಮ್ಮ ತಟ್ಟೆಯ ಬಂಗುಡೆಯನ್ನು ಎತ್ತಿ ಅವನ ಅನ್ನದ ಮೇಲಿಟ್ಟರು.

ರಾತ್ರಿ ಮಲಗಿ ನಾವು ಲೆಕ್ಕ ಹಾಕಿದೆವು. ಮೊದಲ ದಿನದ ಆ ಬಿಲ್ಲಿನಲ್ಲಿ ಅವನು ಎಷ್ಟು ದಿನ ಮೀನು ಉಣ್ಣಬಹುದಿತ್ತು? ಪ್ರತಿ ತಿಂಗಳು ಸರಿಯಾಗಿ ಊರಿಗೆ ದುಡ್ಡು ಬರುತ್ತದೆ. ಅದರಲ್ಲಿ ಮನೆಗೆ ಮಾಳಿಗೆ ಬಂತು, ತಂಗಿಯ ನಿಕಾಹ್ ಆಯಿತು. ಹುರಿದ ಮೀನು ಆ ಲೆಕ್ಕದಲ್ಲೇ ಹೋಗಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ. ಫೋನ್ ಮಾಡಿದಾಗ "ಉಂಡ್ಯಾ?" ಎಂದು ಕೇಳುತ್ತೇವೆ, "ಉಂಡೆ" ಎನ್ನುತ್ತಾನೆ. ಏನು ಉಂಡೆ ಎಂದು ಕೇಳುವುದಿಲ್ಲ.

ಆದ್ದರಿಂದಲೇ ಹೇಳುವುದು, ವಿಸಿಟ್‌ಗೆ ಹೋಗುವವರು ಮಗನೋ ತಮ್ಮನೋ ಅಳಿಯನೋ ದಿನಾ ಉಣ್ಣುವ ಹೊಟೇಲ್ ಯಾವುದೆಂದು ಮೊದಲ ದಿನವೇ ಕೇಳಿ. ಒಳ್ಳೆಯ ಊಟ ಅಲ್ಲಿಯೇ ಸಿಗುತ್ತದೆ ಎಂಬುದು ಒಂದು ಕಾರಣ. ದಿನಾ ಎರಡು ಹೊತ್ತು ಅದೇ ಜನ ಬಂದು ಉಣ್ಣುವ ಕಡೆ ಹಳಸಿದ್ದು ಬಡಿಸಿ ಬದುಕಲು ಸಾಧ್ಯವಿಲ್ಲ. ಒಮ್ಮೆ ಬಂದು ಹೋಗುವ ಟೂರಿಸ್ಟನಿಗೆ ಏನು ಕೊಟ್ಟರೂ ನಡೆಯುತ್ತದೆ, ಅವನು ನಾಳೆ ಬಂದು ಜಗಳ ಮಾಡುವುದಿಲ್ಲ. ಫೋನಿನ ಸ್ಟಾರ್‌ಗಳನ್ನು ಕೊಟ್ಟವರೂ ಹೆಚ್ಚಾಗಿ ಅಂಥ ಒಂದು ದಿನದ ಗಿರಾಕಿಗಳೇ. ನೈಫ್‌ನ ಆ ಹುಡುಗರಲ್ಲಿ ಒಬ್ಬನಾದರೂ ಊಟ ಮಾಡಿ ಸ್ಟಾರ್ ಒತ್ತುತ್ತಾ ಕೂತದ್ದನ್ನು ನಾವು ಕಾಣಲಿಲ್ಲ. ಅವರಿಗೆ ಡ್ಯೂಟಿಗೆ ಹೊತ್ತಾಗುತ್ತದೆ.

ಪರಿಚಯದವರು ಯಾರೂ ಇಲ್ಲದ ಊರಾದರೆ ಸ್ವಲ್ಪ ಕಾಲು ಸವೆಸಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ, ಒಳಗೆ ಯಾರು ಕೂತಿದ್ದಾರೆ ನೋಡಿ. ಮೆನು ಗಿಡ್ಡವಿದ್ದಷ್ಟು ಒಳ್ಳೆಯದು, ಇವತ್ತಿನದ್ದು ಎಂದು ಕೈಯಲ್ಲಿ ಬರೆದದ್ದಿದ್ದರೆ ಇನ್ನೂ ಒಳ್ಳೆಯದು. ಟ್ಯಾಕ್ಸಿಯವನನ್ನು ಕೇಳಬಹುದು, ಆದರೆ ಅವನು ಪಠಾಣನಾದರೆ ಅವನ ಊರಿನ ಹೊಟೇಲಿಗೇ ಬಿಡುತ್ತಾನೆ. ಹೋದರೆ ನಷ್ಟವಿಲ್ಲ, ಅವರ ದೊಡ್ಡ ತಂದೂರಿ ರೊಟ್ಟಿ, ದಾಲ್ ತಿಂದು ನೋಡಬೇಕಾದ್ದೇ. ಶುಕ್ರವಾರವಂತೂ ಜುಮಾ ಮುಗಿಸಿ ಬರುವ ಗುಂಪಿನ ಹಿಂದೆ ನಡೆದರೆ ಸಾಕು, ಬಿರಿಯಾನಿಯ ಪರಿಮಳಕ್ಕೆ ಬೋರ್ಡು ಬೇಕಾಗುವುದಿಲ್ಲ. 2022ರಿಂದ ಅಲ್ಲಿನ ಸರಕಾರಿ ವಾರದ ರಜೆ ಶನಿವಾರ-ರವಿವಾರಕ್ಕೆ ಹೋಗಿ ಶುಕ್ರವಾರ ಅರ್ಧ ದಿನ ಆಗಿದೆ, ಬಿರಿಯಾನಿ ಮಾತ್ರ ಶುಕ್ರವಾರ ಬಿಟ್ಟು ಕದಲಿಲ್ಲ.

ಹಲಾಲ್ ವಿಷಯದಲ್ಲಿ ದುಬೈಯಲ್ಲಿ ನಮಗೆ ತಲೆಬಿಸಿ ಇಲ್ಲ. ಲಂಡನ್, ಸಿಂಗಾಪುರ, ನಮ್ಮದೇ ಬೆಂಗಳೂರಿಗೆ ಹೋದಾಗ ವಿಚಾರಿಸಲೇಬೇಕು, ಕೇಳಲು ನಾಚಿಕೆ ಬೇಡ. ಆದರೆ ಒಂದು ಚಾಳಿಯನ್ನು ಹೇಳದೆ ಇರಲಾಗದು. ಹಲಾಲ್ ಎಂಬ ಬೋರ್ಡು ಕಂಡ ಕೂಡಲೇ ನಾವು ಉಳಿದದ್ದನ್ನೆಲ್ಲ ಮಾಫ್ ಮಾಡಿಬಿಡುತ್ತೇವೆ. ಕರಿಗಟ್ಟಿದ ಎಣ್ಣೆ, ಜಿಡ್ಡು ಮೇಜು, ಒದ್ದೆ ನೆಲ, ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಕುರ್‌ಆನ್ ಹಲಾಲ್ ಜೊತೆಗೆ ತಯ್ಯಿಬ್ ಅಂದರೆ ಒಳ್ಳೆಯದು, ಶುದ್ಧವಾದದ್ದು ಎಂದೂ ಹೇಳುತ್ತದೆ. ಆ ಎರಡನೇ ಶಬ್ದವನ್ನು ಹೊಟೇಲಿನವರೂ ಮರೆತಿದ್ದಾರೆ, ಗಿರಾಕಿಗಳಾದ ನಾವೂ ಮರೆತಿದ್ದೇವೆ.

ಇನ್ನೊಂದು ಮಾತು. ನೈಫ್‌ನ ಆ ಊಟ ನಮ್ಮ ಬಾಯಿಗೆ ಹಿಡಿಸಿತು ನಿಜ, ಆದರೆ ಅದು ನಮ್ಮದಲ್ಲ, ನೆರೆಮನೆಯದ್ದು. ಗಲ್ಫಿನಲ್ಲಿ, ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಹೊಟೇಲ್ ನಡೆಸುವ ಬ್ಯಾರಿಗಳು ಎಷ್ಟು ಜನ! ಅವರ ಬೋರ್ಡುಗಳನ್ನು ಓದಿ ನೋಡಿ: ಅರೇಬಿಯನ್, ಮಲಬಾರ್, ಹೈದರಾಬಾದಿ, ಚೈನೀಸ್. ಪತ್ತಿರ್ ಇಲ್ಲ, ಪಿಂಡಿ ಇಲ್ಲ, ಮಸಾಲೆ ಹದವಾಗಿ ತುಪ್ಪದ ಪರಿಮಳ ಬರುವ ನಮ್ಮ ಬಿರಿಯಾನಿಗೆ ನಮ್ಮ ಹೆಸರಿಲ್ಲ. ಮುಂಬೈಯ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಊರಿನ ಹೆಸರನ್ನೇ ಬೋರ್ಡಿಗೆ ಹಾಕಿದರು. ಇಂದು 'ಉಡುಪಿ ಹೊಟೇಲ್' ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ನಮ್ಮ ಬಾಸೆಗೆ 2009ರಲ್ಲಿ ಸಾಹಿತ್ಯ ಅಕಾಡಮಿ ಬಂತು. 'ಬ್ಯಾರಿ' ಸಿನೆಮಾಕ್ಕೆ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿಯ ಪಾಲೂ ಬಂತು. ಪಿಂಡಿಗೆ ಮಾತ್ರ ಇನ್ನೂ ಒಂದು ಬೋರ್ಡಿಲ್ಲ.

ಹೊಟೇಲಿನವರನ್ನು ಕೇಳಿದರೆ "ಯಾರು ಕೇಳ್ತಾರೆ ಸ್ವಾಮಿ?" ಎನ್ನುತ್ತಾರೆ. ಅವರ ಮಾತಲ್ಲೂ ನಿಜ ಉಂಟು. ಪತ್ತಿರ್ ಒತ್ತುವುದು, ಪಿಂಡಿ ಉರುಟು ಮಾಡಿ ಹಬೆಯಲ್ಲಿ ಬೇಯಿಸುವುದು ಕೈಕೆಲಸ, ಹೊತ್ತು ಬೇಕು. ಮನೆಯಲ್ಲಿ ಹೆಂಗಸರು ನಸುಕಿಗೆ ಎದ್ದು ಮಾಡುವುದಕ್ಕೆ ನಾವು ಬೆಲೆ ಕಟ್ಟಿದವರಲ್ಲ. ಹೊಟೇಲಿನಲ್ಲಿ ಅದೇ ಕೆಲಸಕ್ಕೆ ಸಂಬಳ ಕೊಡಬೇಕಾಗುತ್ತದೆ, ಆಗ ಪ್ಲೇಟಿನ ರೇಟು ಹೆಚ್ಚಾಗುತ್ತದೆ. ಬಟರ್ ಚಿಕನ್‌ಗೆ ತುಟಿಪಿಟಿಕ್ಕೆನ್ನದೆ ಕೊಡುವ ನಾವು ಪಿಂಡಿಗೆ ಕೊಡುತ್ತೇವೋ ಎಂಬುದು ಅವರ ಸಂಶಯ.

ಊರಿಗೆ ಹೊರಡುವ ಮುಂಚಿನ ದಿನ ಉಮ್ಮ ಮತ್ತೆ ಅಲ್ಲಿಗೇ ಹೋಗಬೇಕೆಂದರು. ಊಟ ಮುಗಿದ ಮೇಲೆ ಆ ಹುಡುಗನ ಹತ್ತಿರ, "ಪಿಂಡಿ ಯಾಕೆ ಮಾಡುದಿಲ್ಲ ಇಲ್ಲಿ?" ಎಂದು ಕೇಳಿದರು. ಅವನು ನಕ್ಕ. ರಜೆಯ ದಿನ ರೂಮಿನಲ್ಲಿ ತಾನೇ ಮಾಡುತ್ತಾನಂತೆ, ಆರು ಜನರಿಗೆ. ಕೌಂಟರಿನಲ್ಲಿ ಕೂತಿದ್ದ ಮಲಯಾಳಿ ಮಾಲಕರು ಮಾತು ಕೇಳಿಸಿಕೊಂಡು, ಇಪ್ಪತ್ತು ಪ್ಲೇಟಿನ ಆರ್ಡರ್ ಮೊದಲೇ ಸಿಗುವುದಾದರೆ ಶುಕ್ರವಾರ ಮಾಡಿಸುವುದಕ್ಕೆ ಅಡ್ಡಿಯಿಲ್ಲ, ಕೋಳಿ ಸಾರು ಹೇಗೂ ಇರುತ್ತದೆ ಎಂದರು.

ತಮ್ಮ ಈಗ ಅಂಗಡಿಯಿಂದ ಅಂಗಡಿಗೆ ಹೋಗಿ ಹೆಸರು ಬರೆಸಿಕೊಳ್ಳುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ ಹೇಳಿದ ಪ್ರಕಾರ ಹನ್ನೊಂದು ಪ್ಲೇಟು ಆಗಿದೆಯಂತೆ.