ಪಟ್ಟಾದಲ್ಲಿ ಬರೆಯದ ನೆಲ

ನಿಮ್ಮ ಮನೆಗೆ ಹೊಲವಿದ್ದರೆ ಅಜ್ಜನ ಪೆಟ್ಟಿಗೆಯಲ್ಲಿ ಒಂದು ಪಟ್ಟಾ ಇರುತ್ತದೆ. ಸಾಲ ಬೇಕಾದಾಗ ಅಥವಾ ಅಣ್ಣತಮ್ಮಂದಿರು ಭಾಗವಾಗುವಾಗ ಮಾತ್ರ ಹೊರಬರುವ ಆ ಕಾಗದಕ್ಕೆ ದೊಡ್ಡ ಚರಿತ್ರೆಯಿದೆ. ಅದು ಆರಂಭವಾದುದು ನಮ್ಮ ಸೀಮೆಯಲ್ಲಿಯೇ.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಕೃಷ್ಣಗಿರಿ, ಧರ್ಮಪುರಿಗಳು ಹೀಗೆ ಕೈಬದಲಾದವು. ಘಟ್ಟದ ಮೇಲಿನ ಹೊಸೂರು 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಗೆ ಸೇರಿತು. ಬಾರಾಮಹಲಿನ ಆಡಳಿತಕ್ಕೆ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಸೇನೆಯವರನ್ನೇ ನೇಮಿಸಿದನು. ಮದರಾಸಿನ ಸಿವಿಲ್ ಅಧಿಕಾರಿಗಳಿಗೆ ಜನರ ಭಾಷೆ ಬಾರದಿದ್ದುದು ಇದಕ್ಕೆ ಮುಖ್ಯ ಕಾರಣ. ಹಾಗೆ ಬಂದವರು ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ.

ಅವರು ಹೊಲಗಳನ್ನು ಅಳೆಸಿ, ರೈತರ ಹೆಸರಿನಲ್ಲಿ ನೇರವಾಗಿ ಕಂದಾಯವನ್ನು ಗೊತ್ತುಪಡಿಸುತ್ತ ಹೋದರು. ಇದೇ ಮುಂದೆ ರೈತವಾರಿ ಪದ್ಧತಿ ಎನಿಸಿತು. ತಾನು ಎಷ್ಟು ಕಟ್ಟಬೇಕೆಂಬುದು ರೈತನಿಗೆ ತಿಳಿದದ್ದು ಸಣ್ಣ ಲಾಭವಲ್ಲ. ಆದರೆ ಕಂದಾಯದ ಹೊರೆ ಹಗುರವಾಗಿರಲಿಲ್ಲ. ಮನ್ರೋನೇ ಮುಂದೆ ಬಳ್ಳಾರಿ-ಕಡಪ ಸೀಮೆಯಲ್ಲಿದ್ದಾಗ, 1807ರಲ್ಲಿ, ಅಲ್ಲಿನ ಕಂದಾಯವನ್ನು ಕಾಲುಭಾಗ ಇಳಿಸಬೇಕೆಂದು ಸರ್ಕಾರಕ್ಕೆ ಬರೆದನು. ಅವನನ್ನು ಹೊಗಳುವವರು ಇದನ್ನೂ ನೆನೆಯಬೇಕು.

ನನ್ನ ಆಕ್ಷೇಪ ಇನ್ನೊಂದಿದೆ. ಆ ಕಡತಗಳಿಗೆ ಕಂದಾಯ ಕೊಡುವ ನೆಲವೇ ಮುಖ್ಯ. ಕೆರೆ, ಹಳ್ಳ, ಬಂಡಿದಾರಿ, ಸುಡುಗಾಡು ಇವೆಲ್ಲ ಪೊರಂಬೋಕು, ಅಂದರೆ ಲೆಕ್ಕದ ಹೊರಗೆ. ಕರ್ನಾಟಕದ ಕಡತದಲ್ಲಿ ಇಂಥ ನೆಲಕ್ಕೆ ಖರಾಬು ಎಂಬ ಹೆಸರು. ಊರಿಗೆಲ್ಲ ಬೇಕಾದ ನೆಲಕ್ಕೆ ಎಂಥ ಹೆಸರು ನೋಡಿ! ನಮ್ಮ ಕಡೆ ಕೆಲಸವಿಲ್ಲದೆ ಅಲೆಯುವವನನ್ನೂ ಪೊರಂಬೋಕು ಎಂದೇ ಬೈಯುತ್ತಾರೆ.

ಕಾಗದ ಹೀಗೆ ನೆಲದ ಅರ್ಥವನ್ನೇ ಬದಲಿಸಿದ್ದು ಇಲ್ಲಿ ಮಾತ್ರವಲ್ಲ. ದೂರದ ನ್ಯೂಜಿಲೆಂಡಿನಲ್ಲಿ ಮಾವೋರಿಗಳು ಆಲೂಗಡ್ಡೆ, ಗೋಧಿ ಬೆಳೆದು ಬಿಳಿಯರೊಡನೆ ಚೆನ್ನಾಗಿಯೇ ವ್ಯಾಪಾರ ನಡೆಸಿದ್ದರು. ಸ್ವಂತ ಹಡಗುಗಳನ್ನೂ ಇಟ್ಟುಕೊಂಡಿದ್ದರು. 1840ರ ಫೆಬ್ರವರಿ 6ರಂದು ವೈತಾಂಗಿಯಲ್ಲಿ ಒಪ್ಪಂದವಾಯಿತು. ಅದನ್ನು ಎರಡು ಭಾಷೆಗಳಲ್ಲಿ ಬರೆದಿದ್ದರು. ಇಂಗ್ಲಿಷ್ ಪ್ರತಿಯಂತೆ ಮಾವೋರಿಗಳು ಸಾರ್ವಭೌಮಾಧಿಕಾರವನ್ನೇ ಬಿಟ್ಟುಕೊಟ್ಟಿದ್ದರು. ಮಾವೋರಿ ಪ್ರತಿಯಲ್ಲಿದ್ದುದು ಆಡಳಿತ ನಡೆಸುವ ಅಧಿಕಾರ ಮಾತ್ರ. 1865ರಲ್ಲಿ ಸ್ಥಾಪಿತವಾದ ಭೂ ನ್ಯಾಯಾಲಯವು ಬಳಗದ ನೆಲವನ್ನು ಕೆಲವೇ ವ್ಯಕ್ತಿಗಳ ಹೆಸರಿಗೆ ಬರೆಯತೊಡಗಿತು. ಹೆಸರು ಬಿದ್ದ ನೆಲ ಬೇಗ ಮಾರಾಟವಾಯಿತು. ಆ ಅನ್ಯಾಯಗಳನ್ನು ವಿಚಾರಿಸಲು ಮುಂದೆ ಒಂದು ನ್ಯಾಯಮಂಡಳಿಯೇ ಬೇಕಾಯಿತು.

ನಮ್ಮಲ್ಲಿ ಬಿಳಿಯರು ಬಂದು ನೆಲಸಿ ಉಳಲಿಲ್ಲ, ಕಂದಾಯ ಎತ್ತಿದರು. ಈ ವ್ಯತ್ಯಾಸ ದೊಡ್ಡದು. ಆದರೂ ಎಲ್ಲರಿಗೂ ಸೇರಿದ್ದು ಯಾರ ಹೆಸರಿನಲ್ಲೂ ಇಲ್ಲವೆಂಬ ಕಾರಣಕ್ಕೆ ಕೈತಪ್ಪುವುದು ಎರಡೂ ಕಡೆ ಒಂದೇ. ಕೆರೆಗಳ ಒತ್ತುವರಿ ತೆರವಿಗೆ ತಮಿಳುನಾಡು 2007ರಲ್ಲಿ ಕಾಯಿದೆ ಮಾಡಿತು. ಊರಿನ ಸಾಮೂಹಿಕ ಭೂಮಿಯನ್ನು ಬಿಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಆದರೆ ಕೆರೆಯ ಎಲ್ಲೆ ಯಾವುದೆಂದು ಊರಿನವರಿಗೇ ತಿಳಿಯದಿದ್ದರೆ ಕಾಯಿದೆ ಏನು ಮಾಡೀತು?

ಗ್ರಾಮ ಆಡಳಿತಾಧಿಕಾರಿಯ ಕಚೇರಿಯಲ್ಲಿ ಸರ್ವೆ ನಂಬರುಗಳ ದಫ್ತರವಿದೆ. ಅದು ತಮಿಳಿನಲ್ಲಿದೆ, ನೀವು ಶಾಲೆಯಲ್ಲಿ ತಮಿಳನ್ನೂ ಕಲಿಯುತ್ತಿರುವುದರಿಂದ ಓದಬಲ್ಲಿರಿ. ಒಂದು ದಿನ ಅಜ್ಜನನ್ನು ಕರೆದುಕೊಂಡು ಹೋಗಿ, ನಿಮ್ಮ ಹೊಲದ ನಂಬರನ್ನಲ್ಲ, ನಿಮ್ಮೂರ ಕೆರೆಯ ನಂಬರನ್ನು ಕೇಳಿ. ಅದರ ವಿಸ್ತೀರ್ಣವನ್ನು ಬರೆದುಕೊಂಡು ಬಂದು, ಕೆರೆಯ ಏರಿಯ ಮೇಲೆ ನಿಂತು ನೋಡಿ.