ಹಕ್ಕು ಹಕ್ಕುದಾರರಿಗೆ ಸಲ್ಲಲಿ

‘ಫಾಸ್ಟ್ ಕಾರ್’ ಅಮೆರಿಕದ ಕಪ್ಪು ವರ್ಣೀಯ ಗಾಯಕಿ ಟ್ರೇಸಿ ಚಾಪ್‌ಮನ್ ರಚಿಸಿ, 1988ರಲ್ಲಿ ಹೊರತಂದ ಗೀತೆ. ಬಡತನದಿಂದ ಪಾರಾಗಲು ಹಂಬಲಿಸುವ ಹೆಣ್ಣೊಬ್ಬಳ ಅಳಲು. 2023ರಲ್ಲಿ ಬಿಳಿಯ ಗಾಯಕ ಲ್ಯೂಕ್ ಕೋಂಬ್ಸ್ ಅದನ್ನು ಮತ್ತೆ ಹಾಡಿದಾಗ, ಅವಳ ಮಾತನ್ನು ಗಂಡಿನ ಮಾತಾಗಿ ತಿದ್ದಲಿಲ್ಲ. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಆ ಸಾಲಿನ ‘ವರ್ಷದ ಗೀತೆ’ ಪ್ರಶಸ್ತಿಯನ್ನು ಮೂಲ ರಚನಕಾರ್ತಿಗೇ ನೀಡಿತು. ಆ ಮನ್ನಣೆ ಪಡೆದ ಪ್ರಥಮ ಕಪ್ಪು ವರ್ಣೀಯರು ಅವರು. ಅದಕ್ಕೆ 35 ವರ್ಷಗಳೂ ಬಿಳಿಯರೊಬ್ಬರ ಕಂಠವೂ ಬೇಕಾದುದು ವಿಷಾದಕರ.

ಹಳೆಯ ಹಾಡನ್ನು ಮತ್ತೆ ಹಾಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಪರರ ದುಡಿಮೆಯನ್ನು ಬಳಸಿಕೊಂಡು ಅವರ ಹೆಸರನ್ನು ಮರೆಯುವುದು ಅನ್ಯಾಯ. ಮಕ್ಕಳು ಹೊಸ ಹಾಡೊಂದನ್ನು ಮೆಚ್ಚಿದಾಗ, ‘ಇದನ್ನು ಮೊದಲು ರಚಿಸಿದವರು ಯಾರು?’ ಎಂದು ಕೇಳಲು ಕಲಿಸೋಣ. ನ್ಯಾಯದ ಪಾಠ ಅಲ್ಲಿಂದಲೇ ಆರಂಭವಾಗಲಿ.